ನೊಂದವರ ಪಾತ್ರ ನಾವು ಆಡುತ್ತೇವೆ: ರಾಜೇಶ್ವರದಿಂದ ಒಂದು ಪ್ರಣಾಳಿಕೆ

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಇರುವ ಈ ರಾಜೇಶ್ವರದಲ್ಲಿ, ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಲಾರಿಗಳು ರಾತ್ರಿಯಿಡೀ ಹಾಯ್ದುಹೋಗುವ ಈ ಊರಿನಲ್ಲಿ, ನಾವು ಜಮಖಾನೆ ಹಾಸಿ ಕೂತಿದ್ದೇವೆ. ಮುಂದೆ ಒಂದಿಷ್ಟು ಹಾಳೆ, ಪೆನ್ಸಿಲು, ನಾಲ್ಕು ಕವಡೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಮುಂದೇನಾಗುತ್ತದೆ ಎಂಬುದು ಕಥೆ ನಡೆಸುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಪಾತ್ರದಾಟ ಎಂದರೆ ಇಷ್ಟೇ, ಮತ್ತು ಇಷ್ಟರಿಂದಲೇ ದೊಡ್ಡದೊಂದನ್ನು ಕಟ್ಟಬಹುದೆಂದು ನಾವು ನಂಬಿದ್ದೇವೆ. ಗೆದ್ದವರ ಪಾತ್ರ ಆಡಲು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಒಳಗೆ ಏನೋ ಮುರಿದವರ, ತಪ್ಪು ಮಾಡಿಯೂ ಬದುಕಿ ಉಳಿದವರ, ರಾತ್ರಿ ನಿದ್ದೆ ಬಾರದವರ, ತಮ್ಮ ನೋವಿಗೆ ತಾವೇ ನಾಚಿಕೊಂಡವರ ಪಾತ್ರ ಕಟ್ಟಿ ಆಡುತ್ತೇವೆ. ಸಂಗಾತಿಗಳೇ, ಇನ್ನೂ ನಮ್ಮನ್ನು ಕೂಡಿಕೊಳ್ಳದ ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಹಳೆಯ ವ್ಯವಸ್ಥೆ ಸೋತಿದೆ. ಅದನ್ನು ಸಾಬೀತು ಮಾಡುತ್ತ ಕೂರಲು ನಮಗೆ ಪುರುಸೊತ್ತಿಲ್ಲ. ತೊಗರಿ ಕೈಕೊಟ್ಟ ವರ್ಷ ಸಾಲ ಕೊಟ್ಟವನ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಮನೆಗೆ ಬರುವ ಅಪ್ಪ, ಪುಣೆಗೆ ದುಡಿಯಲು ಹೋಗಿ ವಾಪಸು ಬಂದು ಯಾರೊಡನೆಯೂ ಮಾತಾಡದ ಅಣ್ಣ, ಪರೀಕ್ಷೆ ಫೇಲಾಗಿ ಕೋಣೆಯ ಹೊಸ್ತಿಲು ದಾಟದ ತಂಗಿ, ಇವರೆಲ್ಲ ನಮ್ಮ ಓಣಿಯವರೇ. ಇವರ ಸಂಕಟಕ್ಕೆ ಮನೆ ಕೊಟ್ಟ ಉತ್ತರ ಒಂದೇ: ಮಂದಿ ಏನಂದಾರು, ಸುಮ್ಮನಿರು. ರಂಗದ ಮೇಲೂ ಇದೇ ಕಥೆ. ನಾಯಕನಿಗೆ ಹಾಡು, ಖಳನಿಗೆ ಗಹಗಹಿಸುವ ನಗು, ದುಃಖಿಗೆ ಕೊನೆಯ ಅಂಕದಲ್ಲಿ ಸಾವು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಗೆ ಹೋಗಿ ನೋಡಿ. ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಬರೆಯುತ್ತ ನಿಂತಿದ್ದಾಳೆ. ಅವಳು ಬರೆದದ್ದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಅವಳನ್ನು ಕಡೆದ ಕೈಗೆ ನಾವು ತಲೆಬಾಗುತ್ತೇವೆ. ಆದರೆ ಒಂಬೈನೂರು ವರ್ಷ ಕೈ ಎತ್ತಿ ನಿಂತವಳು ತನ್ನದೆಂಬ ಒಂದಕ್ಷರವನ್ನೂ ಬರೆಯಲಿಲ್ಲ, ನಿನ್ನದೇನು ಎಂದು ಅವಳನ್ನು ಯಾರೂ ಕೇಳಲೂ ಇಲ್ಲ.

ದೂರದಿಂದ ಬಂದ ಪಾತ್ರದಾಟವೂ ನಮ್ಮನ್ನು ಪೂರ್ತಿ ಬಿಡಿಸಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಸೈನ್ಯಗಳನ್ನು ನಡೆಸುವ ಯುದ್ಧದಾಟದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟದ್ದು ಅವರ ದೊಡ್ಡ ಹೆಜ್ಜೆ. ಆ ಋಣ ನಮ್ಮ ಮೇಲಿದೆ. ಆದರೆ ಯುದ್ಧದ ಹೊಟ್ಟೆಯಲ್ಲಿ ಹುಟ್ಟಿದ ಆಟಕ್ಕೆ ಗಾಯವೆಂದರೆ ಕಡಿಮೆಯಾಗುವ ಒಂದು ಅಂಕಿ. 1981ರ ‘ಕಾಲ್ ಆಫ್ ಕ್ತುಲು’ ಮನಸ್ಸಿನ ಸ್ಥಿಮಿತಕ್ಕೂ ಅಂಕಿ ಇಟ್ಟಿತು. ಅಂಕಿ ಇಳಿದರೆ ದಾಳ ಎಸೆದು, ಪಟ್ಟಿ ನೋಡಿ, ಯಾವ ಭಯ ಹಿಡಿಯಿತು ಎಂದು ಹೇಳುವುದು. ಮನಸ್ಸು ಮುರಿಯುವುದನ್ನು ಆಟದೊಳಗೆ ತಂದದ್ದು ಧೈರ್ಯ. ಪಟ್ಟಿಯಿಂದ ಹುಚ್ಚು ಆರಿಸಿದ್ದು ಆ ಧೈರ್ಯದ ಸೋಲು. ಯಾವ ಮನುಷ್ಯನ ಭಯವೂ ಪಟ್ಟಿಯಿಂದ ಬಂದದ್ದಲ್ಲ. ಅದಕ್ಕೆ ಒಂದು ದಿನವಿದೆ, ಒಂದು ಮನೆಯಿದೆ, ಒಂದು ಹೆಸರಿದೆ.

1985ರ ‘ಪೆಂಡ್ರಾಗನ್’ನಲ್ಲಿ ಗ್ರೆಗ್ ಸ್ಟಾಫರ್ಡ್ ಇನ್ನೊಂದು ದಾರಿ ತೆರೆದರು. ಅಲ್ಲಿ ಸ್ವಭಾವಗಳು ಜೋಡಿಯಾಗಿ ಬರುತ್ತವೆ. ದಯೆಯ ಎದುರು ಕ್ರೌರ್ಯ, ನಂಬಿಕೆಯ ಎದುರು ಶಂಕೆ. ಜೋಡಿಯ ಮೊತ್ತ ಯಾವಾಗಲೂ 20, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಆಡುವವರು ದಯೆ ತೋರಬೇಕೆಂದರೂ ಪಾತ್ರದ ಕ್ರೌರ್ಯ ಒಮ್ಮೊಮ್ಮೆ ಕೈ ಹಿಡಿದು ಎಳೆಯುತ್ತದೆ. ಇದನ್ನು ನಾವು ಎದೆಗೆ ತೆಗೆದುಕೊಂಡಿದ್ದೇವೆ, ಏಕೆಂದರೆ ಒಳ್ಳೆಯವರಾಗಬೇಕೆಂದು ನಿರ್ಧರಿಸಿಯೂ ಆಗಲಾರದವರನ್ನು ನಾವು ದಿನವೂ ಕಾಣುತ್ತೇವೆ.

ಇನ್ನೊಂದು ಸೋಲು ಆಡುವವರದೇ. ತಂದೆತಾಯಿ ಸತ್ತ, ಊರು ಸುಟ್ಟ, ಯಾರನ್ನೂ ನಂಬದ, ಮೂಲೆಯಲ್ಲಿ ಮುಸುಕು ಹಾಕಿ ಕೂತ ಪಾತ್ರ ಎಲ್ಲ ಜಮಖಾನೆಗಳ ಮೇಲೂ ಬಂದು ಕೂತಿದೆ. ಅದು ಜೊತೆಯವರ ಗಂಟು ಕದಿಯುತ್ತದೆ, ಕರೆದರೆ ಬರುವುದಿಲ್ಲ, ಕೇಳಿದರೆ ಹೇಳುವುದಿಲ್ಲ. ಯಾಕೆ ಹೀಗೆ ಎಂದರೆ, ‘ನನ್ನ ಪಾತ್ರದ ಸ್ವಭಾವನೇ ಹಂಗ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಇಂದಿನಿಂದ ಒಪ್ಪುವುದಿಲ್ಲ. ಪಾತ್ರವನ್ನು ಕಟ್ಟಿದವರು ನೀವು, ಅದು ಎತ್ತ ನಡೆಯಬೇಕೆಂಬುದನ್ನು ಆರಿಸುವವರೂ ನೀವೇ. ನೋವನ್ನು ಜೊತೆಯವರ ಮೇಲೆ ಬೀಸುವ ಕೋಲು ಮಾಡಿಕೊಂಡವರು ನೋವನ್ನೂ ಆಡಲಿಲ್ಲ, ಜೊತೆಯವರನ್ನೂ ಆಡಗೊಡಲಿಲ್ಲ.

ಈ ನೆಲಕ್ಕೆ ಇದಕ್ಕಿಂತ ಹಿರಿದಾದ ನೆನಪಿದೆ. ರನ್ನ ‘ಗದಾಯುದ್ಧ’ ಬರೆದಾಗ ತನ್ನ ಒಡೆಯ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಗೆಲ್ಲುವವನು ಭೀಮ, ಕಾವ್ಯ ಹೊಗಳಬೇಕಾದದ್ದೂ ಭೀಮನನ್ನೇ. ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ತಮ್ಮನ ಮುಂದೆ, ಮಗನ ಮುಂದೆ, ಕರ್ಣನ ಮುಂದೆ ನಿಂತು ಗೋಳಾಡುವ ದುರ್ಯೋಧನನನ್ನು ಓದಿದವರು ಮರೆಯಲಾರರು. ಸತ್ಯಾಶ್ರಯನ ವಂಶವೇ ಮುಂದೆ, ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿತು. ಗೆಲ್ಲುವವನ ಅನ್ನ ಉಂಡೂ ಸೋಲುವವನ ಎದೆಗೆ ಇಳಿಯುವುದು ಕನ್ನಡಕ್ಕೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ಅದಾದ ಮೇಲೆ ಶರಣರ ಹನ್ನೆರಡನೆಯ ಶತಮಾನ ಬಂತು. ಕನ್ನ ಕೊರೆಯುವ ಕಸುಬಿನಿಂದ ಬಂದ ಕನ್ನದ ಮಾರಿತಂದೆ, ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯ, ಸೂಳೆ ಸಂಕವ್ವೆ, ಇವರು ಕಸುಬಿನ ಹೆಸರನ್ನು ಮರೆಮಾಚದೆ ತಮ್ಮ ದನಿಯಲ್ಲಿ ಮಾತಾಡಿದರು. ಸಂಕವ್ವೆಯದೆಂದು ಉಳಿದಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಬಹುರೂಪಿ ಚೌಡಯ್ಯನ ಕಾಯಕವಂತೂ ವೇಷ ಕಟ್ಟಿ ಆಡುವುದೇ ಆಗಿತ್ತು. ಶರಣರ ಸಾಲಿನಲ್ಲಿ ಆಟಗಾರನೊಬ್ಬನಿದ್ದ ಎಂಬುದು ನಮಗೆ ಸಣ್ಣ ಸಂಗತಿಯಲ್ಲ, ಅವನು ನಮ್ಮ ಹಿರಿಯ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ನಾವು ಶರಣರ ಪಾತ್ರ ಹಾಕುವುದಿಲ್ಲ, ವಚನಗಳನ್ನು ಆಟದ ಸಾಮಗ್ರಿ ಮಾಡಿಕೊಳ್ಳುವುದಿಲ್ಲ. ಅವರಿಂದ ನಮಗೆ ಬೇಕಾದದ್ದು ಆ ಧೈರ್ಯ ಮಾತ್ರ.

ಆಟದ ರೀತಿಯನ್ನು ಕಲಿಯಲು ನಾವು ಕರಾವಳಿಯ ಕಡೆ ನೋಡುತ್ತೇವೆ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಆ ಕ್ಷಣ ಹುಟ್ಟಿದ ಮಾತಿನಲ್ಲಿ ವಾದ ಹೂಡುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು, ರಾವಣನನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ, ಬಾಣ ಬಿಟ್ಟ ರಾಮನನ್ನು ಎದುರಿಗೆ ನಿಲ್ಲಿಸಿಕೊಂಡು ನ್ಯಾಯ ಕೇಳುತ್ತಾನೆ. ಒಳ್ಳೆಯ ಅರ್ಥಧಾರಿಗೆ ಗೊತ್ತಿರುವ ಗುಟ್ಟೆಂದರೆ, ವಾಲಿಯ ನೋವು ಎಷ್ಟೇ ದೊಡ್ಡದಿರಲಿ, ರಾಮನಿಗೆ ಉತ್ತರ ಕೊಡಲು ಜಾಗ ಬಿಟ್ಟೇ ಪ್ರಶ್ನೆ ಕೇಳಬೇಕು. ಎದುರಿನವರ ಬಾಯಿ ಕಟ್ಟಿದರೆ ಕೂಟ ಅಲ್ಲಿಗೇ ಮುಗಿಯಿತು. ನೋವಿನ ಪಾತ್ರ ಆಡುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತು, ವಾಲಿ ಸಾಯಲೇಬೇಕು. ನಾವು ಆ ಕೊನೆಯನ್ನೂ ತೆರೆದಿಡುತ್ತೇವೆ. ನಮ್ಮ ಪಾತ್ರಗಳು ಬದುಕಬಹುದು, ಬದಲಾಗಬಹುದು, ಕ್ಷಮೆ ಕೇಳಬಹುದು, ಕೇಳದೆಯೂ ಇರಬಹುದು.

ಪಾತ್ರ ಕಟ್ಟುವುದನ್ನು ಬಾಯಿಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ನಮ್ಮ ಮೊದಲ ಪಾತ್ರವನ್ನೇ ನಿಮ್ಮ ಮುಂದೆ ಇಡುತ್ತೇವೆ. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತನ ಬೆಳೆದದ್ದನ್ನು ದೊರೆ ಬಿಜ್ಜಳನ ಕಲ್ಯಾಣ ಸಹಿಸಲಿಲ್ಲ, ಇಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಪರಂಪರೆ ಹೇಳುತ್ತದೆ. ಆ ಕಲ್ಯಾಣ ಕನ್ನಡ ರಂಗಭೂಮಿಯನ್ನು ಬಿಟ್ಟೂ ಬಿಡದೆ ಕಾಡಿದೆ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಹುಟ್ಟಿದ್ದು ಅಲ್ಲಿಂದಲೇ. ಶಿಕ್ಷೆ ಕೊಟ್ಟವನು ಗೊತ್ತು, ಅನುಭವಿಸಿದವರು ಗೊತ್ತು. ಆನೆ ನಡೆಸಿದವನು? ಮೇಲೆ ಕೂತು, ಅಂಕುಶ ಹಿಡಿದು, ನಡೆ ಎಂದವನು? ಅವನ ಹೆಸರು ಜನರ ಬಾಯಲ್ಲಿ ಉಳಿದಿಲ್ಲ. ನಮ್ಮ ಮೊದಲ ಪಾತ್ರ ಆ ಮಾವುತ.

ಹಾಳೆಯ ಮೇಲೆ ಮೊದಲು ಬಂದ ಸಾಲುಗಳು ಹೀಗಿದ್ದವು: ದುಃಖಿ, ಒಂಟಿ, ಕುಡುಕ, ಯಾರನ್ನೂ ನಂಬುವುದಿಲ್ಲ. ಎಲ್ಲವನ್ನೂ ಅಳಿಸಿದೆವು. ಅವು ಯಾರ ಮೇಲಾದರೂ ಅಂಟಿಸಬಹುದಾದ ಚೀಟಿಗಳು. ಮತ್ತೆ ಬರೆದೆವು. ಅವನು ಇಂದಿಗೂ ಮೂಡಲು ಹರಿಯುವ ಮೊದಲೇ ಎದ್ದು ಆನೆಗೆ ಮೇವು ಹಾಕುತ್ತಾನೆ. ಮರಿಯಿದ್ದಾಗಿನಿಂದ ಸಾಕಿದ ಆನೆ ಅದು, ಅದರ ಮೇಲೆ ಸಿಟ್ಟು ಮಾಡಬೇಕೆಂದರೂ ಆಗುತ್ತಿಲ್ಲ. ಆ ದಿನದ ಹಗ್ಗವನ್ನು ಹೂತಿಟ್ಟಿದ್ದಾನೆ, ಸುಟ್ಟಿಲ್ಲ. ಹೆಂಡತಿ ಏನನ್ನೂ ಕೇಳಿಲ್ಲ, ಆದರೆ ಅಂದಿನಿಂದ ಅವನಿಗೆ ನೀರು ಕೊಡುವಾಗ ತಂಬಿಗೆಯನ್ನು ನೆಲಕ್ಕಿಟ್ಟು ಹೋಗುತ್ತಾಳೆ. ಕೊನೆಗೆ ಒಂದು ಸಾಲು ಸೇರಿತು, ಇಡೀ ಪಾತ್ರ ಅದರ ಮೇಲೆ ನಿಂತಿದೆ. ಅವನ ಕಾಲಲ್ಲಿರುವ ಮೆಟ್ಟು ಹರಳಯ್ಯನ ಕೇರಿಯಲ್ಲಿ ಹೊಲಿದದ್ದು. ಈಗ ಹರಿದಿದೆ. ಹೊಲಿಸಬೇಕೆಂದರೆ ಅದೇ ಕೇರಿಗೆ ಹೋಗಬೇಕು.

ಆ ಕೇರಿಯಲ್ಲಿ ಮೆಟ್ಟು ಹೊಲಿಯುವ ಹೆಂಗಸಿನ ಪಾತ್ರವನ್ನು ಇನ್ನೊಬ್ಬರು ಕಟ್ಟಿದರು. ಅವಳಿಗೆ ಈ ಕಾಲು ಯಾರದೆಂದು ಗೊತ್ತಿದೆಯೋ ಇಲ್ಲವೋ, ಅದನ್ನು ಆಡುತ್ತ ಆಡುತ್ತಲೇ ಕಂಡುಕೊಳ್ಳಬೇಕು. ಸಂಗಾತಿಗಳೇ, ನಮ್ಮ ಚಳವಳಿಯ ತಿರುಳು ಇಲ್ಲಿದೆ. ಹಾಳೆಯೊಳಗೆ ಮುಚ್ಚಿಟ್ಟ ನೋವು ಬರೀ ಮಾಹಿತಿ. ಅದು ಪಾತ್ರವನ್ನು ಎಬ್ಬಿಸಿ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಿಸಬೇಕು. ನಿಮ್ಮ ಪಾತ್ರಕ್ಕೆ ಒಂದು ಗಾಯ ಬರೆದಿರೋ, ಆ ಗಾಯದ ಕಾರಣಕ್ಕೆ ಅವರು ಯಾರ ಹತ್ತಿರ ಏನು ಬೇಡಬೇಕಾಗಿದೆ ಎಂಬುದನ್ನೂ ಬರೆಯಿರಿ. ಬೇಡುವುದಕ್ಕೆ ಏನೂ ಇಲ್ಲದ ಪಾತ್ರವನ್ನು ವಾಪಸು ಕೊಡುತ್ತೇವೆ, ತಿದ್ದಿಕೊಂಡು ಬನ್ನಿ ಎನ್ನುತ್ತೇವೆ. ನಗುವುದನ್ನೂ ಮರೆಯಬೇಡಿ. ನೊಂದವರೂ ಹಸಿಯುತ್ತಾರೆ, ಹುರುಳಿಲ್ಲದ ಮಾತಿಗೆ ನಗುತ್ತಾರೆ, ಜಾತ್ರೆಗೆ ಹೋಗುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರನ ತೇರು ಎಳೆಯುವಾಗ ನೂಕುನುಗ್ಗಲಿನಲ್ಲಿ ಎಷ್ಟು ನೋವು ಸೇರಿರುತ್ತದೆ, ಎಷ್ಟು ಖುಷಿಯೂ ಸೇರಿರುತ್ತದೆ!

ಇಪ್ಪತ್ತು ಮುಖದ ದಾಳ ಹುಡುಕಿಕೊಂಡು ನೀವು ಹೈದರಾಬಾದಿಗೆ ಹೋಗಬೇಕಿಲ್ಲ. ಚೌಕಾಬಾರ ಆಡುವ ನಾಲ್ಕು ಕವಡೆ ಸಾಕು. ಪಾತ್ರ ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಕವಡೆ ಎಸೆಯುತ್ತೇವೆ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16, ಅದರಲ್ಲಿ ಎರಡು ಅಂಗಾತ ಎರಡು ಬೋರಲು ಬೀಳುವ ಬಗೆಯೇ 6. ಬೇರೆ ಯಾವ ಫಲಕ್ಕಿಂತಲೂ ಈ ನಡುವಿನ ಫಲವೇ ಹೆಚ್ಚು ಸಲ ಬರುತ್ತದೆ, ಅರ್ಧ ಗೆಲುವು, ಅರ್ಧ ಬೆಲೆ. ನಾಲ್ಕೂ ಅಂಗಾತ ಅಥವಾ ನಾಲ್ಕೂ ಬೋರಲು ಬಿದ್ದಾಗ ಪಾತ್ರದ ಗಾಯ ಬಾಯಿ ತೆರೆಯುತ್ತದೆ. ಆಗ ಎಡಕ್ಕೆ ಕೂತವರು ಆ ಪಾತ್ರಕ್ಕೆ ಒಂದು ಪ್ರಶ್ನೆ ಕೇಳುತ್ತಾರೆ. ಹಗ್ಗವನ್ನು ಯಾಕೆ ಸುಡಲಿಲ್ಲ? ಉತ್ತರ ಮಾತಿನಲ್ಲಿರಬಹುದು, ಒಂದು ಕೆಲಸದಲ್ಲಿರಬಹುದು. ಮೌನವಾದರೂ ಸರಿ, ಅದನ್ನೂ ಉತ್ತರವೆಂದೇ ತೆಗೆದುಕೊಳ್ಳುತ್ತೇವೆ.

ಇಂಥ ಆಟಕ್ಕೆ ಕಾವಲು ಬೇಕು. ಆಟಕ್ಕೆ ಮೊದಲು ಒಬ್ಬೊಬ್ಬರೂ ಯಾವುದು ಬೇಡ ಎಂದು ಹೇಳುತ್ತಾರೆ. ನೇಣು ಬೇಡ, ಮಕ್ಕಳ ಸಾವು ಬೇಡ, ಬೆಂಕಿ ಬೇಡ. ಯಾಕೆ ಎಂದು ನಾವು ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಗ್ಗ, ಬಾವಿ, ಕೀಟನಾಶಕದ ಡಬ್ಬಿ ಬರೀ ಕಥೆಯ ವಸ್ತುಗಳಲ್ಲ. ಅಮೆರಿಕದ ಜಾನ್ ಸ್ಟಾವ್ರೊಪೌಲೊಸ್ ರೂಪಿಸಿದ ಎಕ್ಸ್ ಕಾರ್ಡ್ ಎಂಬ ಪದ್ಧತಿಯಿದೆ. ನಡುವೆ ಒಂದು ಕಾರ್ಡ್ ಇಟ್ಟಿರುತ್ತಾರೆ, ಯಾರೇ ಅದನ್ನು ಮುಟ್ಟಿದರೂ ಆ ಸನ್ನಿವೇಶ ಅಲ್ಲಿಗೇ ನಿಲ್ಲುತ್ತದೆ, ವಿವರಣೆ ಕೊಡಬೇಕಿಲ್ಲ. ನಾವು ಜಮಖಾನೆಯ ನಡುವೆ ಕೆಂಪು ವಸ್ತ್ರ ಇಡುತ್ತೇವೆ. ಕಥೆ ನಡೆಸುವವರ ಕೈಯೂ ಅದನ್ನು ಮುಟ್ಟಬಹುದು. ಆಟ ಮುಗಿದ ಮೇಲೆ ಯಾರೂ ಥಟ್ಟನೆ ಎದ್ದು ಹೋಗುವುದಿಲ್ಲ. ಚಹಾ ಕುಡಿಯುತ್ತೇವೆ, ಒಬ್ಬರನ್ನೊಬ್ಬರು ಸ್ವಂತ ಹೆಸರು ಹಿಡಿದು ಕರೆಯುತ್ತೇವೆ, ಮಾವುತನ ಮಾತು ಬಂದರೆ ‘ಅವನು’ ಎನ್ನುತ್ತೇವೆ, ‘ನಾನು’ ಎನ್ನುವುದಿಲ್ಲ.

ಇದು ಚಿಕಿತ್ಸೆಯಲ್ಲ, ಚಿಕಿತ್ಸೆಯೆಂದು ಯಾರಿಗೂ ನಂಬಿಸುವುದಿಲ್ಲ. ಪಾತ್ರದ ನೋವಿನ ಹಿಂದೆ ಆಡುವವರ ನೋವು ನಿಂತಿರುವುದು ಕಂಡರೆ ಆಟ ನಿಲ್ಲಿಸಿ ಮನುಷ್ಯರಾಗಿ ಪಕ್ಕದಲ್ಲಿ ಕೂರುತ್ತೇವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನಮ್ಮ ಪ್ರತಿ ಪಾತ್ರದ ಹಾಳೆಯ ಹಿಂದೆ ಬರೆದಿರುತ್ತೇವೆ.

ಇದೇ ಸೀಮೆಯ ಗೋರ್ಟಾ ಊರನ್ನು ಆಟಕ್ಕೆ ತರುವ ಬಗ್ಗೆಯೂ ನಮ್ಮ ನಿಲುವು ಸ್ಪಷ್ಟವಿರಬೇಕು. 1948ರ ಮೇ ತಿಂಗಳಲ್ಲಿ ನಿಜಾಮನ ಪರ ನಿಂತಿದ್ದ ರಜಾಕಾರರು ಗೋರ್ಟಾದಲ್ಲಿ ನಡೆಸಿದ ಹತ್ಯಾಕಾಂಡ ಈ ಸೀಮೆಯ ಮನೆಮನೆಗಳ ನೆನಪಾಗಿ ಉಳಿದಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದಾಗಿನ ಗೊಂದಲದಲ್ಲಿ ಅಮಾಯಕ ಮುಸ್ಲಿಮರೂ ಜೀವ ತೆತ್ತರು. ಈ ಎರಡೂ ದುಃಖಗಳು ನಮ್ಮವು. ಆ ವರ್ಷದ ಪಾತ್ರಗಳನ್ನು ನಾವು ಆಡುತ್ತೇವೆ, ಆದರೆ ನಿಜವಾಗಿ ಬದುಕಿದ್ದವರ ಹೆಸರು ಹಿಡಿಯುವುದಿಲ್ಲ, ಅವರ ಮೊಮ್ಮಕ್ಕಳು ಇದೇ ಸಂತೆಯಲ್ಲಿ ನಮ್ಮೊಡನೆ ತರಕಾರಿ ಕೊಳ್ಳುತ್ತಾರೆ. ಧರ್ಮವನ್ನು ಖಳನ ವೇಷ ಮಾಡುವುದಿಲ್ಲ. ಬಾಗಿಲು ತೆರೆದು ನೆರೆಯವರನ್ನು ಅಡಗಿಸಿದವನನ್ನೂ ಆಡುತ್ತೇವೆ, ತಟ್ಟಿದರೂ ಬಾಗಿಲು ತೆರೆಯದೆ ಒಳಗೆ ನಡುಗುತ್ತ ಕೂತವನನ್ನೂ ಆಡುತ್ತೇವೆ. ಎರಡನೆಯವನನ್ನು ಆಡುವುದು ಕಷ್ಟ. ನಮಗೆ ಬೇಕಾದದ್ದು ಆ ಕಷ್ಟವೇ.

ಈ ಸೀಮೆಯಲ್ಲಿ ಒಂದೇ ಮನೆಯೊಳಗೆ ಕನ್ನಡ, ಮರಾಠಿ, ದಖನಿ ಉರ್ದು ಓಡಾಡುತ್ತವೆ, ಗಡಿ ದಾಟಿದರೆ ತೆಲುಗು. ಪಾತ್ರ ಯಾವ ಮಾತಿನಲ್ಲಿ ಅಳುತ್ತದೋ ಆ ಮಾತಿನಲ್ಲೇ ಆಡಿ. ತಿಳಿಯದವರಿಗೆ ಪಕ್ಕದವರು ಹೇಳುತ್ತಾರೆ. ಹೆಣ್ಣುಮಕ್ಕಳು ಬರಲಾಗದ ಹೊತ್ತಿನಲ್ಲಿ ನಾವು ಆಟ ಇಡುವುದಿಲ್ಲ. ಹೊಲದ ಕೆಲಸ ಜೋರಿರುವ ಮುಂಗಾರಿನಲ್ಲಿ, ತೊಗರಿಯ ರಾಶಿಯ ದಿನಗಳಲ್ಲಿ ಆಟ ಕಡಿಮೆಯಾಗುತ್ತದೆ, ಆಗಲಿ. ದುಡ್ಡು ಕೇಳುವುದಿಲ್ಲ. ಜಾತಿ ಕೇಳುವುದಿಲ್ಲ. ಇದನ್ನು ಕಲ್ಯಾಣದ ದಾರಿಯಲ್ಲಿ ಕೂತು ಮತ್ತೆ ಹೇಳಬೇಕಾಗಿ ಬಂದದ್ದು ನಮ್ಮ ಕಾಲದ ಸಂಕಟ.

ನಮ್ಮ ಮೊದಲ ದೀರ್ಘ ಆಟದ ನೆಲೆ ಸಿದ್ಧವಾಗಿದೆ. ಬಿಜ್ಜಳನ ಕೊಲೆಯಾಗಿ ಕಲ್ಯಾಣ ಹೊತ್ತಿ ಉರಿದ ಮೇಲೆ ಶರಣರು ಉಳವಿಯ ಕಡೆ ಹೊರಟರೆಂಬ ಆ ದಾರಿ. ಹಿರಿಯ ಶರಣರು ಮುಂದೆ ಎಲ್ಲೋ ನಡೆದಿದ್ದಾರೆ, ಅವರನ್ನು ನಾವು ಆಟದೊಳಗೆ ಕರೆಯುವುದಿಲ್ಲ. ಹಿಂದೆ ಉಳಿದ ಗುಂಪಿನಲ್ಲಿ ಆ ಮಾವುತನಿದ್ದಾನೆ, ಯಾಕೆ ಇವರ ಜೊತೆ ಹೊರಟನೆಂದು ಅವನು ಇನ್ನೂ ಹೇಳಿಲ್ಲ. ಮೆಟ್ಟು ಹೊಲಿಯುವ ಹೆಂಗಸಿದ್ದಾಳೆ. ತಾಳೆಗರಿಯ ಕಟ್ಟನ್ನು ಹೊತ್ತ, ಓದಲು ಬಾರದ ಹುಡುಗನೊಬ್ಬನಿದ್ದಾನೆ. ಬೆನ್ನಟ್ಟಿ ಬರುವ ಸೈನಿಕರಲ್ಲಿ ಒಬ್ಬ ಆ ಹುಡುಗನ ಅಣ್ಣ.

ಸೈನಿಕರ ಪಾತ್ರಕ್ಕೆ ಇನ್ನೂ ಮಂದಿ ಬೇಕು. ಅಟ್ಟಿಸಿಕೊಂಡು ಬರುವವರ ಎದೆಯೊಳಗೆ ಏನಿದೆ ಎಂದು ಹುಡುಕುವ ತಾಳ್ಮೆ ಇರುವವರು ಬನ್ನಿ. ಅಣ್ಣನ ಹಾಳೆ ಖಾಲಿ ಇಟ್ಟಿದ್ದೇವೆ. ಅವನು ತಮ್ಮನನ್ನು ಹಿಡಿಯಲು ಹೊರಟಿದ್ದಾನೋ ಉಳಿಸಲು ಹೊರಟಿದ್ದಾನೋ, ಅದನ್ನು ನೀವು ಬಂದು ಬರೆಯಿರಿ.